ಒರೆಸಿದ ಬೂದಿ

ನಾನು ಚಿಕ್ಕವನಿದ್ದಾಗ ಬೀಜ ಕೊಳ್ಳುವುದೆಂದರೆ ನಾಚಿಕೆಯ ವಿಷಯವಾಗಿತ್ತು, ಮಕ್ಕಳೇ. ಬಿಟಿಎಂ ಲೇಔಟಿನಲ್ಲಿ ಈಗ ನಮ್ಮ ಬಾಡಿಗೆ ಮನೆಗಳಿರುವ ಜಾಗದಲ್ಲೇ ಆಗ ನಮ್ಮ ಹೊಲವಿತ್ತು. ಚಳಿ ಶುರುವಾದರೆ ಅಲ್ಲಿ ಅವರೆಕಾಯಿ. ಸುಲಿದ ಬೆರಳಿಗೆ ಅಂಟಿದ ಸೊಗಡು ಸೋಪು ಹಾಕಿದರೂ ಹೋಗುತ್ತಿರಲಿಲ್ಲ. ಒಳ್ಳೆಯ ಗಿಡಗಳ ಕಾಯನ್ನು ಅಜ್ಜಿ ಗಿಡದಲ್ಲೇ ಒಣಗಲು ಬಿಡುತ್ತಿದ್ದಳು. ಆಮೇಲೆ ಕಾಳು ಬಿಡಿಸಿ, ಒಲೆಯ ಬೂದಿಯಲ್ಲಿ ಕಲಸಿ ಮಡಕೆಗೆ ತುಂಬಿ, ಅದರ ಬಾಯಿಗೆ ಸಗಣಿ ಮೆತ್ತುತ್ತಿದ್ದಳು. ಬಿತ್ತುವ ದಿನದವರೆಗೆ ಆ ಮಡಕೆಯನ್ನು ಯಾರೂ ಮುಟ್ಟುವಂತಿರಲಿಲ್ಲ.

ಒಂದು ಬೆಳಿಗ್ಗೆ ಲೇಔಟ್ ಮಾಡುವವರು ಬಂದು ಹೊಲದ ತುಂಬ ಸೈಟಿನ ಕಲ್ಲು ನೆಟ್ಟರು; ನಮ್ಮ ಪಾಲಿಗೆ ಕೊನೆಗೆ ಉಳಿದದ್ದು ಒಂದೆರಡು ಸೈಟು. ಬದುವಿನ ಮೇಲೆ ನಿಂತು ನೋಡಿದ ಅಪ್ಪ, ಮನೆಗೆ ಬಂದವನೇ ಅಟ್ಟದಿಂದ ಮಡಕೆ ಇಳಿಸಿದ.

"ಇನ್ ಯಾವ ಹೊಲಕ್ಕೆ ಬಿತ್ತೋದು? ಬೇಯ್ಸಿ ಹಾಕು," ಎಂದ.

"ಬಿತ್ತನೆ ಕಾಳು ಕಣೋ ಅದು. ಒಲೆ ಮೇಲೆ ಇಡ್ಬಾರ್ದು," ಎಂದಳು ಅಜ್ಜಿ.

ಅಪ್ಪ ಕೇಳಲಿಲ್ಲ. ಸಗಣಿ ಒಡೆದು ಕಾಳನ್ನೆಲ್ಲ ಮೊರಕ್ಕೆ ಸುರಿದ. ನಾನು ಅಜ್ಜಿಯ ಮುಖ ನೋಡಿದೆ. ಅಕ್ಕ ತೊಳೆಯಲು ನೀರು ತರುವಷ್ಟರಲ್ಲಿ ಎರಡು ಹಿಡಿ ಕಾಳನ್ನು ಚಡ್ಡಿ ಜೇಬಿಗೆ ತುಂಬಿಕೊಂಡು ಹಿತ್ತಲಿಗೆ ಓಡಿದೆ. ಮಳೆಗಾಲ ಬಂದಾಗ ಬಚ್ಚಲ ನೀರು ಹರಿಯುವ ಕಡೆ ಬಿತ್ತಿದರೆ ಅಜ್ಜಿಯ ಅವರೆ ಉಳಿಯುತ್ತದೆ ಎಂದು ನನ್ನ ಲೆಕ್ಕ. ಕಾಳಿಗೆಲ್ಲ ಬೂದಿ ಮೆತ್ತಿತ್ತು. ಕೊಳಕು ಎಂದುಕೊಂಡು ಒಂದೊಂದನ್ನೂ ಅಂಗಿಯಲ್ಲಿ ಉಜ್ಜಿ ಉಜ್ಜಿ ಒರೆಸಿ, ಪೌಡರ್ ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟೆ. ನನ್ನಂಥ ಜಾಣ ಇನ್ಯಾರಿದ್ದರು!

ಮಧ್ಯಾಹ್ನ ಮುದ್ದೆಗೆ ಅವರೆಕಾಳಿನ ಹುಳಿ. ಅಜ್ಜಿ ತಟ್ಟೆ ಮುಟ್ಟಲಿಲ್ಲ. ನಾನು ಮಾತ್ರ ಗುಟ್ಟಿನ ಖುಷಿಯಲ್ಲಿ ಎರಡು ಸಲ ಬಡಿಸಿಕೊಂಡೆ. ಆ ರುಚಿ ನೆನೆದರೆ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಮಳೆಗಾಲದಲ್ಲಿ ಡಬ್ಬಿಯನ್ನು ಅಜ್ಜಿಯ ಕೈಗಿಟ್ಟೆ. ಅಲ್ಲಾಡಿಸಿದಾಗ ಒಳಗಿನ ಸದ್ದು ಕೇಳಿ ಅವಳು ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕಿದ್ದಳು. ಮುಚ್ಚಳ ತೆಗೆದರೆ ಕಾಳೆಲ್ಲ ತೂತು ಬಿದ್ದು ಹಿಟ್ಟು ಉದುರುತ್ತಿತ್ತು, ಹಿಟ್ಟಿನಲ್ಲಿ ಹುಳ ಓಡಾಡುತ್ತಿತ್ತು.

"ಬೂದಿ ಒರೆಸ್ಬಿಟ್ಯೇನೋ, ಮಗಾ? ಹುಳ ಬೀಳ್ದಿರ್ಲಿ ಅಂತಲ್ವಾ ಅದನ್ನ ಹಾಕೋದು?" ಎಂದಳು. ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ಕಾಡುತ್ತಿರಲಿಲ್ಲವೇನೋ.

ಮೊನ್ನೆ ಭಾನುವಾರ ತಾರಸಿ ತೋಟಕ್ಕೆಂದು ನನ್ನನ್ನು ಜಯನಗರದಲ್ಲೆಲ್ಲ ಸುತ್ತಿಸಿದಿರಲ್ಲ. ಬೀಜದ ಅಂಗಡಿಯಾಕೆ, "ಅಂಕಲ್, ಆರ್ಗ್ಯಾನಿಕ್ ಟೊಮ್ಯಾಟೊ ಇದೆ, ಪಾಲಕ್ ಇದೆ. ನಾಟಿ ಅವರೆ ಯಾರೂ ತರಲ್ಲ," ಎಂದಳು. ನೀವು ಬಣ್ಣದ ಪ್ಯಾಕೆಟ್ಟುಗಳನ್ನು ಆರಿಸಿಕೊಂಡಿರಿ. ಮಣ್ಣನ್ನೂ ಚೀಲದಲ್ಲಿ ಕೊಂಡಿರಿ, ನಮ್ಮ ಹೊಲದ ಮಣ್ಣಿನ ಮೇಲೆ ನಾವು ಕಾಂಕ್ರೀಟು ಸುರಿದು ಬಾಡಿಗೆ ಎಣಿಸುತ್ತಿದ್ದೇವೆ. "ತಾತ, ನಿಮ್ಮನೇಲಿ ಅಷ್ಟೊಂದು ಬೀಜ ಇತ್ತಂತೆ, ಒಂದಾದ್ರೂ ಇಟ್ಕೋಬಾರ್ದಿತ್ತಾ?" ಎಂದು ಕೇಳಿದಿರಿ.

ಇಟ್ಟುಕೊಂಡಿದ್ದೆ, ಮಕ್ಕಳೇ. ನೀವು ಬಿಲ್ಲು ಕಟ್ಟಲು ನಿಂತಿದ್ದ ಕಡೆ, ಕೆಳಗಿನ ಸಾಲಿನಲ್ಲಿ ಒಲೆಯ ಬೂದಿಯೂ ಪ್ಯಾಕೆಟ್ಟಿನಲ್ಲಿ ಮಾರಾಟಕ್ಕಿತ್ತು. ನಾನು ಅದನ್ನೊಂದು ಕೊಂಡು ತಂದಿದ್ದೇನೆ. ಅದರಲ್ಲಿ ಕಲಸಿಡಲು ನನ್ನ ಹತ್ತಿರ ಕಾಳಿಲ್ಲ.