ಕೆಂಪು ಚುಕ್ಕೆ ಮತ್ತು ನನ್ನ ಹೊಟ್ಟೆಕಿಚ್ಚು

2023ರಲ್ಲಿ ನಾನು ಚೆನ್ನೈನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಹಿರಿಯ ಖಗೋಳ ವಿಜ್ಞಾನಿಯಾಗಿದ್ದೆ. ವಿಶ್ವದ ಬಾಲ್ಯದ, ಅತಿ ದೂರದ ಗೆಲಾಕ್ಸಿಗಳನ್ನು ಹುಡುಕುವುದು ನನ್ನ ಕೆಲಸ. ಅವುಗಳ ಬೆಳಕು ನಮ್ಮನ್ನು ತಲುಪುವಷ್ಟರಲ್ಲಿ ಅದರ ತರಂಗಾಂತರ ಹಿಗ್ಗಿ ಇನ್‌ಫ್ರಾರೆಡ್ ಆಗಿರುತ್ತದೆ. ಒಂದು ಮಿತಿಗಿಂತ ಗಿಡ್ಡ ತರಂಗಗಳನ್ನು ದಾರಿಯ ಹೈಡ್ರೋಜನ್ ನುಂಗಿಬಿಡುತ್ತದೆ. ಹಾಗಾಗಿ ಉದ್ದ ತರಂಗದ ಚಿತ್ರದಲ್ಲಿ ಕಾಣಿಸಿ ಗಿಡ್ಡ ತರಂಗದ ಚಿತ್ರದಲ್ಲಿ ಪೂರ್ತಿ ಮಾಯವಾಗುವ ಚುಕ್ಕೆಯೇ ನಮಗೆ ಬೇಕಾದದ್ದು.

ಅಂಥದೊಂದು ವೈದೇಹಿಗೆ ಸಿಕ್ಕಿತು. ಚೆನ್ನೈನದೇ ಪುರಸೈವಾಕ್ಕಂನಲ್ಲಿ ತಲೆಮಾರುಗಳಿಂದ ನೆಲೆಸಿದ ಕನ್ನಡ ಮನೆತನದವಳು; ನನ್ನ ಬಳಿಯೇ ಪಿಎಚ್‌.ಡಿ. ಮಾಡಿ ಸಹೋದ್ಯೋಗಿಯಾದವಳು.

“ಸಾರ್, ಶುಕ್ರವಾರ ಪೇಪರ್ ಜರ್ನಲ್‌ಗೆ ಕಳಿಸ್ತೀನಿ. ಒಂದು ವಾಟಿ, ಒಂದೇ ಸಲ, ನೋಡ್ಬಿಡಿ. ತಪ್ಪಿದ್ರೆ ದಾಕ್ಷಿಣ್ಯ ಬೇಡ,” ಎಂದಳು.

ಚಿತ್ರ ತೆರೆದ ಕೂಡಲೇ ಗುರುತು ಸಿಕ್ಕಿತು. ಕೆಲವು ತಿಂಗಳ ಹಿಂದೆ ಅದೇ ಚುಕ್ಕೆಯನ್ನು ನಾನೂ ನೋಡಿದ್ದೆ. ಡಿಟೆಕ್ಟರಿನ ದೋಷವೆಂದು ಬದಿಗೆ ಸರಿಸಿದ್ದೆ. ಇಪ್ಪತ್ತಾರು ವರ್ಷ ಹುಡುಕಿದವನು ನಾನು, ಸಿಕ್ಕಿದ್ದು ಅವಳಿಗೆ! ಕ್ಯಾಂಟೀನಿನಲ್ಲಿ ಅವಳು ನಕ್ಕರೂ ನನಗೆ ಉರಿಯುತ್ತಿತ್ತು.

ಮೂರು ದಿನ ಬೇರೆಲ್ಲ ಬಿಟ್ಟು ತಪ್ಪು ಹುಡುಕಿದೆ. ಬುಧವಾರ ಸಿಕ್ಕಿತು. ಗಿಡ್ಡ ತರಂಗದ ಚಿತ್ರಗಳನ್ನೆಲ್ಲ ಒಂದರ ಮೇಲೊಂದು ಕೂಡಿಸಿದಾಗ, ಏನೂ ಇರಬಾರದ ಜಾಗದಲ್ಲಿ ಮಸುಕು ಬೆಳಕು. ಅಂದರೆ ಇದು ಧೂಳಿನಿಂದ ಕೆಂಪಾಗಿ ಕಾಣುವ ಹತ್ತಿರದ ಗೆಲಾಕ್ಸಿ ಇರಬಹುದು. ನನಗಾದ ಸಂತೋಷವನ್ನು ಬರೆಯಲು ನಾಚಿಕೆ. ಅದಕ್ಕಿಂತ ನಾಚಿಕೆಯ ಮಾತೆಂದರೆ, ಹೇಳದೆ ಮನೆಗೆ ಹೋದೆ. ಅವಳು ಕಳಿಸಲಿ, ಲೋಕವೇ ತಪ್ಪು ತೋರಿಸಲಿ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಕಾಫಿ ಕೊಡುತ್ತಾ ಹೆಂಡತಿ ಕೇಳಿದಳು: “ವೈದೇಹಿದು ಎಂತ ಆಯ್ತು? ನಿಮ್ಗೆ ತೋರಿಸದೆ ಅವಳು ಎಂತದೂ ಕಳಿಸುದಿಲ್ಲ ಅಲ್ವಾ?”

ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ. ಕಚೇರಿಗೆ ಹೋದವನೇ ಆ ಕೂಡಿಸಿದ ಚಿತ್ರವನ್ನು ವೈದೇಹಿಯ ಮುಂದಿಟ್ಟೆ. “ನಿನ್ನೆಯೇ ಸಿಕ್ಕಿತ್ತು.”

ಅವಳ ಮುಖ ಬಿಳಚಿಕೊಂಡಿತು. “ನಿನ್ನೆನೇ ಯಾಕೆ ಸಾರ್ ಹೇಳ್ಲಿಲ್ಲ?”

“ಹೊಟ್ಟೆಕಿಚ್ಚು ಮಾರಾಯ್ತಿ,” ಎಂದೆ.

ಅವಳು ಕೀಬೋರ್ಡ್ ಎಳೆದುಕೊಂಡಳು. ಸಂಜೆಯವರೆಗೆ ಇಬ್ಬರೂ ಅಳೆದೆವು. ಆ ಮಸುಕಿನ ಕೇಂದ್ರ ಚುಕ್ಕೆಯ ಮೇಲಿರಲಿಲ್ಲ. ಒತ್ತಿನಲ್ಲಿದ್ದ ಬೇರೊಂದು ಪುಟ್ಟ ಗೆಲಾಕ್ಸಿಯದು. ಅದನ್ನು ಕಳೆದರೆ ಜಾಗ ಖಾಲಿ; ಅವಳ ಚುಕ್ಕೆ ದೂರದ್ದೇ ಇರಬೇಕು.

“ಅಯ್ಯೋ ಸಾರ್, ಇದು ಪಕ್ಕದ್ಮನೆಯವ್ರ ಬೆಳಕು!” ಎಂದು ನಕ್ಕಳು. ನಾನೂ ನಕ್ಕೆ, ಒಳಗೆ ಮತ್ತೆ ಚುರ್ರೆಂದಿತು.

ಆ ಪರೀಕ್ಷೆಯೂ ಸೇರಿ ಪೇಪರ್ ಹೋಯಿತು. ಮರುವರ್ಷ ಬಂದ ಸ್ಪೆಕ್ಟ್ರಮ್, ಅಂದರೆ ಬೆಳಕನ್ನು ಬಿಡಿಸಿ ದೂರ ಅಳೆಯುವ ದಾಖಲೆ, ಅವಳ ಲೆಕ್ಕ ಸರಿಯೆಂದಿತು. “ಅತ್ಯಂತ ಎಚ್ಚರದ ಓದಿಗಾಗಿ” ಎಂದು ಪೇಪರಿನ ಕೊನೆಯಲ್ಲಿ ನನಗೆ ಕೃತಜ್ಞತೆ ಬರೆದಿದ್ದಳು. ವ್ಯಂಗ್ಯವೋ ಪ್ರೀತಿಯೋ, ಕೇಳಲಿಲ್ಲ.

ಅಸೂಯೆ ಹೋಯಿತೆಂದು ಹೇಳಲಾರೆ. ಆದರೆ ಈಗ ನನ್ನ ಪೇಪರ್ ಮುಗಿದಾಗ ಮೊದಲು ನನ್ನ ಏಳಿಗೆ ಸಹಿಸದವರಿಗೇ ಕೊಡುತ್ತೇನೆ. ಅವರಷ್ಟು ಗಮನವಿಟ್ಟು ಬೇರಾರೂ ಓದುವುದಿಲ್ಲ.