ಗುಡುಗಿಗೆ ಕಿತ್ತ ಪ್ಲಗ್ಗು, ಸಾಲೇಹಾರ ಬೆಳಗಿನ ಕೆಲಸ

ಬೆಳಗಿನ ಐದೂವರೆ. ಶಿರಸಿಯ ಹಳೆಯ ಗಲ್ಲಿಯೊಂದರಲ್ಲಿ, ಟೈಲರ್ ಅಂಗಡಿಯ ಮಹಡಿಯ ಮೇಲೆ ಒಂದೇ ದೀಪ ಉರಿಯುತ್ತಿದೆ. ಕಂಪ್ಯೂಟರ್ ರಿಪೇರಿ ಮಾಡುವ ಸಾಲೇಹಾ ಕೆಟ್ಟ ಮಷಿನ್ನೊಂದಕ್ಕೆ ಪೆನ್‌ಡ್ರೈವ್ ಸಿಕ್ಕಿಸಿ ಕಾದು ಕೂತಿದ್ದಾರೆ. ಕಪ್ಪು ಪರದೆಯ ನಡುವೆ ಬಿಳಿ ಚುಕ್ಕಿಗಳು ಸುತ್ತುತ್ತಲೇ ಇವೆ.

"ಈ ಹೊತ್ತಿಗೆ ಕರೆಂಟು ಗಟ್ಟಿ ಇರ್ತದೆ. ಮಿಲ್ಲುಗಳು ಶುರುವಾದ ಮೇಲೆ ಕೈ ಹಾಕೋಕೆ ಹೆದರಿಕೆ," ಎನ್ನುತ್ತಾರೆ.

ಮಷಿನ್ನು ಸಿದ್ದಾಪುರ ತಾಲ್ಲೂಕಿನ ಮನ್ಮನೆಯ ಪರಿಮಳಾ ಅವರದು. ಕಣ್ಣು ಕಾಣದ ದೀಕ್ಷಿತಾ ಎಂಬ ಹುಡುಗಿಗಾಗಿ ಅವರು ನಾಲ್ಕು ತಿಂಗಳಿಂದ ಹತ್ತನೇ ತರಗತಿಯ ಪಾಠಗಳನ್ನು ಓದಿ ಅದರಲ್ಲಿ ಧ್ವನಿಮುದ್ರಿಸಿದ್ದಾರೆ. ಬೇರೆಲ್ಲೂ ಪ್ರತಿ ಇಲ್ಲ. ಪರೀಕ್ಷೆಗೆ ಹತ್ತೇ ದಿನ. ಮೊನ್ನೆ ಅಪ್‌ಡೇಟ್ ಅರ್ಧಕ್ಕೆ ಬಂದಿದ್ದಾಗ ಗುಡುಗಿತು. ಗುಡುಗಿದರೆ ಟಿವಿ, ಫ್ರಿಜ್ಜು, ಎಲ್ಲದರ ಪ್ಲಗ್ಗು ಕೀಳುವುದು ಇಲ್ಲಿನ ಮನೆಗಳ ರೂಢಿ. ಪರಿಮಳಾರ ಅತ್ತೆ ಈ ಮಷಿನ್ನಿನದ್ದನ್ನೂ ಕಿತ್ತರು. ಆಮೇಲೆ ಕಂಪ್ಯೂಟರ್ ಏಳಲೇ ಇಲ್ಲ.

"ಇನ್ನೊಂದು ಅಂಗಡಿಯಲ್ಲಿ ಪೂರ್ತಿ ಅಳಿಸಿ ಹೊಸದಾಗಿ ಹಾಕ್ಬೇಕು ಅಂದ್ರಂತೆ. ನಾನು ಮೊದಲು ಒಳಗಿದ್ದದ್ದನ್ನ ಹೊರಗೆ ತೆಗೀತೇನೆ. ಮನೆಗೆ ಬೆಂಕಿ ಬಿದ್ರೆ ಮಕ್ಕಳನ್ನ ಮೊದಲು ಹೊರಗೆ ತರೂದಿಲ್ವಾ?"

ಸಾಲೇಹಾ ಹದಿನೇಳು ವರ್ಷದ ಹಿಂದೆ ಸೈಬರ್ ಸೆಂಟರಿನಲ್ಲಿ ಟೈಪಿಸ್ಟ್ ಆಗಿದ್ದವರು. ಕೆಟ್ಟ ಮಷಿನ್ನುಗಳನ್ನು ನೋಡಿ ನೋಡಿ ರಿಪೇರಿ ಕಲಿತರು. ಗಂಡ ಅಖ್ತರ್ ಲಾರಿ ಓಡಿಸುತ್ತಾರೆ, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಮಗಳು ಉಜ್ಮಾ ಹಾವೇರಿಯ ಸೊಸೆ. ದಿನಕ್ಕೆ ಎರಡು ಮಷಿನ್ನು ಬರುತ್ತವೆ. ಅಪ್‌ಡೇಟ್ ಕೈಕೊಟ್ಟ ವಾರ ದಿನಕ್ಕೆ ಎಂಟೊಂಬತ್ತು. ಬಂದವರು ಒಳಗೆ ಇಣುಕಿ, "ಅಣ್ಣ ಇಲ್ವಾ?" ಎಂದು ಕೇಳುತ್ತಾರೆ.

"ಅಣ್ಣ ಲಾರಿ ಮೇಲಿದಾರೆ, ಸ್ಟೇರಿಂಗ್ ಕೆಟ್ಟಿದ್ರೆ ಹೇಳಿ ಅಂತೇನೆ," ಎಂದು ನಗುತ್ತಾರೆ. ನಗು ಬೇಗ ಮುಗಿಯುತ್ತದೆ.

ಆರೂ ಕಾಲಿಗೆ ಪೆನ್‌ಡ್ರೈವಿನ ಮೂಲಕ ಡಿಸ್ಕು ತೆರೆಯುತ್ತದೆ. ಪಾಠಗಳ ಫೈಲುಗಳು ಒಂದೊಂದಾಗಿ ಇನ್ನೊಂದು ಡಿಸ್ಕಿಗೆ ಇಳಿಯುತ್ತವೆ. ಅಪ್‌ಡೇಟನ್ನು ತೆಗೆಯಲು ನೋಡಿದರೆ ಮತ್ತೆ ಅದೇ ಚುಕ್ಕಿಗಳು. ಸಾಲೇಹಾ ಬೇಸರಿಸುವುದಿಲ್ಲ. ಅರ್ಧಕ್ಕೇ ನಿಂತ ಅಪ್‌ಡೇಟಿನ ಚೂರುಗಳನ್ನು ಹುಡುಕಿ, ಆಜ್ಞೆಗಳನ್ನು ಒಂದೊಂದಾಗಿ ಟೈಪಿಸಿ ತೆಗೆಯುತ್ತಾರೆ. ಏಳಕ್ಕೆ ಹತ್ತು ನಿಮಿಷವಿರುವಾಗ ಪರದೆ ನೀಲಿಯಾಗಿ ಬೆಳಗಿ ಕಂಪ್ಯೂಟರ್ ಏಳುತ್ತದೆ.

ಫೈಲುಗಳು ಸರಿಯಿವೆಯೇ ಎಂದು ನೋಡಲು ಅರ್ಧ ನಿಮಿಷ ಸಾಕು. ಸಾಲೇಹಾ ಒಂದು ಪಾಠವನ್ನು ಕೊನೆಯವರೆಗೂ ಕೇಳುತ್ತಾರೆ. ಖಾಲಿ ಕೋಣೆಯಲ್ಲಿ ಪರಿಮಳಾರ ದನಿ ನಿಧಾನವಾಗಿ, ಬಿಡಿಸಿ ಬಿಡಿಸಿ ಪಾಠ ಹೇಳುತ್ತಿದೆ. "ಇಷ್ಟು ಹೊತ್ತು ಯಾರಾದ್ರೂ ನನ್ನ ಜೊತೆ ಮಾತಾಡಿ ಎಷ್ಟು ದಿನ ಆಯ್ತೋ!" ಎನ್ನುತ್ತಾರೆ ಸಾಲೇಹಾ.

ಒಂಬತ್ತರ ಬಸ್ಸಿಗೆ ಬಂದ ಪರಿಮಳಾ ಫೈಲುಗಳನ್ನು ನೋಡಿ ಅಲ್ಲೇ ಮೆಟ್ಟಿಲ ಮೇಲೆ ಕೂರುತ್ತಾರೆ. ಮನೆಗೆ ಫೋನು ಮಾಡಿ, ಏನೂ ಕಳೆದಿಲ್ಲವೆಂದು ತಮ್ಮ ಹವ್ಯಕ ಮಾತಿನಲ್ಲಿ ಹೇಳುತ್ತಾರೆ: "ಅತ್ತೆ, ಎಲ್ಲ ಇದ್ದು! ಎಂತದೂ ಹೋಜಿಲ್ಲೆ!"

ಸಾಲೇಹಾ ಪರಿಮಳಾರ ಕೈಗೆ ಇನ್ನೊಂದು ಡಿಸ್ಕಿನಲ್ಲಿರುವ ಎರಡನೆಯ ಪ್ರತಿಯನ್ನೂ ಕೊಡುತ್ತಾರೆ. "ಇದನ್ನ ಬೇರೆ ಕಪಾಟಿನಲ್ಲಿಡಿ, ಪರಿಮಳಕ್ಕ. ಚಾ ಕುಡಿದು ಹೋಗಿ."

"ಅಯ್ಯೋ, ಹತ್ತರ ಬಸ್ಸು ತಪ್ತದೆ. ದೀಕ್ಷಿತಾ ಕಾಯ್ತಾ ಇದಾಳೆ!"

ಸಾಲೇಹಾ ಮೆಟ್ಟಿಲ ಕೊನೆಯವರೆಗೂ ಮಷಿನ್ನು ಹೊತ್ತು ತಂದುಕೊಡುತ್ತಾರೆ.

ಏನಾದರೂ ಆಸೆಯುಂಟೇ ಎಂದು ಕೇಳಿದರೆ ಮತ್ತೆ ಮೆಟ್ಟಿಲು ಹತ್ತುತ್ತಾ ಸಾಲೇಹಾ ಹೇಳುತ್ತಾರೆ:

"ಮಷಿನ್ನು ಸರಿಯಾದ ಮೇಲೆ ಯಾರೂ ಬರೂದಿಲ್ಲ. ಬರಬಾರದು, ಅದೇ ನನ್ನ ಕೆಲಸ. ಆದ್ರೆ ಒಂದಿನ ಯಾರಾದ್ರೂ ಬರೀ ಕೈಲಿ, ಸುಮ್ನೆ ಮಾತಾಡೋಕೆ, ಮೇಲೆ ಹತ್ತಿ ಬರ್ಲಿ ಅಂತ ಆಸೆ."