ಮರ್ಫಿ ಟೌನಿನ ಬಾಗಿಲಿಗೆ ಹಾಕಿದ ಗುರುತು

ಹಳೆಯ ಮನೆಯ ಮರ ಕೊಳ್ಳಲು ಹೋಗುವವರಿಗೆ ನಾನು ಮೊದಲು ಹೇಳುವುದು ಇಷ್ಟು: ಒಳ್ಳೆಯ ಸೀರೆ ಉಟ್ಟು ಹೋಗಬೇಡಿ, ಕೈಯಲ್ಲೊಂದು ದಬ್ಬಳ ಇರಲಿ, ಇಷ್ಟವಾದ ವಸ್ತುವಿನ ಕಡೆ ಎರಡನೇ ಸಲ ನೋಡಬೇಡಿ. ಗೆದ್ದಲು ತಿಂದ ಮರ ದಬ್ಬಳವನ್ನು ಮೆತ್ತಗೆ ಒಳಗೆ ಬಿಟ್ಟುಕೊಳ್ಳುತ್ತದೆ, ಗಟ್ಟಿ ತೇಗ ಬಿಡುವುದಿಲ್ಲ. ಶಿವಾಜಿನಗರದಲ್ಲಿ ಹಳೆಯ ಬಾಗಿಲು, ಕಿಟಕಿ, ಕಂಬ ಮಾರುವ ನನ್ನ ಅಂಗಡಿ ನಿಂತಿರುವುದೇ ಈ ಮಾತುಗಳ ಮೇಲೆ. ಇವನ್ನು ಯಾರೂ ಹೇಳಿಕೊಡಲಿಲ್ಲ. ಮೋಸ ಹೋಗಿ ಹೋಗಿ ಕಲಿತೆ.

ಕಳೆದ ತಿಂಗಳು ಒಬ್ಬರು ಫೋನ್ ಮಾಡಿ, ಮರ್ಫಿ ಟೌನಿನಲ್ಲಿ ಹಳೆಯ ಮನೆ ಕೆಡವುತ್ತಿದ್ದೇವೆ, ಎಂಟು ತೇಗದ ಕಂಬಗಳಿವೆ, ಬಂದು ನೋಡುತ್ತೀರಾ ಎಂದರು. ಗುರುತು ಕೇಳಿದೆ.

"ಬೇಕರಿ ಎದುರಿಗೆ ಮೇಡಂ, ದೊಡ್ಡ ಹಸಿರು ಗೇಟು."

ಮುಂದೆ ಕೇಳುವುದಕ್ಕೆ ಏನೂ ಇರಲಿಲ್ಲ. ಆ ಗೇಟಿನ ಪಕ್ಕದ ವಠಾರದಲ್ಲಿ, ನಲ್ಲಿಯಿಂದ ಮೂರನೇ ಮನೆಯಲ್ಲಿ, ಹನ್ನೆರಡು ವರ್ಷದವರೆಗೆ ನಾನು ಬೆಳೆದೆ. ಬಿಟ್ಟು ಹೋದ ಮೇಲೆ ಆ ಬೀದಿಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಹಲಸೂರಿಗೆ ಹೋಗಬೇಕಾದರೂ ಸುತ್ತಿಕೊಂಡು ಹೋಗುತ್ತಿದ್ದೆ.

ಹೋಗಿ ನೋಡಿದರೆ ವಠಾರವೇ ಇಲ್ಲ. ಎಂಟು ಮನೆಗಳ ಜಾಗದಲ್ಲಿ ಐದಂತಸ್ತಿನ ಪಿ.ಜಿ., ಪ್ರತಿ ಬಾಲ್ಕನಿಯಲ್ಲೂ ಒಣಗುತ್ತಿರುವ ಟವೆಲ್ಲು. ನಾವು ಕೊಡ ಇಟ್ಟು ಸಾಲು ಹಿಡಿಯುತ್ತಿದ್ದ ನಲ್ಲಿಯ ಜಾಗದಲ್ಲಿ ಊಟ ತಲುಪಿಸುವ ಹುಡುಗರ ಸ್ಕೂಟರುಗಳು. ಸೀಮೆಎಣ್ಣೆ ಡಿಪೋ ಈಗ ಮೊಬೈಲ್ ರಿಪೇರಿ ಅಂಗಡಿ. ಬೇಕರಿ ಮಾತ್ರ ಇತ್ತು. ಹಳೆಯ ಯಜಮಾನರು ಕೂರುತ್ತಿದ್ದ ಕುರ್ಚಿಯಲ್ಲಿ ಅವರ ಮಗ, ಅವನಿಗೂ ತಲೆ ನರೆತಿದೆ. ಪಕ್ಕದಲ್ಲಿ ಹೂವಿನ ಅಮ್ಮ, ಬೆನ್ನು ಬಾಗಿದ್ದರೂ ಹೂ ಕಟ್ಟುವ ಕೈ ಅದೇ ಚುರುಕು. ಇಬ್ಬರಿಗೂ ನನ್ನ ಗುರುತು ಸಿಗಲಿಲ್ಲ. ಎದುರಿಗೆ ಹಸಿರು ಗೇಟು, ಅದರ ಹಿಂದೆ ನಮ್ಮ ವಠಾರದ ಒಡತಿ ಓನರಮ್ಮನ ಮನೆ.

ನನ್ನ ಅಮ್ಮ ಬೀದಿಗೆಲ್ಲ ರವಿಕೆ ಹೊಲಿಯುತ್ತಿದ್ದಳು. ಒಂದು ದಿನ ಅಳತೆ ತೆಗೆಯಲು ಓನರಮ್ಮನ ಮನೆಗೆ ಹೋಗಿ ಬಂದ ಮೇಲೆ, ಅವರ ಬೆಳ್ಳಿಯ ಕುಂಕುಮದ ಬಟ್ಟಲು ಕಾಣುತ್ತಿಲ್ಲ ಎಂಬ ಗದ್ದಲ ಎದ್ದಿತು. ಓನರಮ್ಮ ನಮ್ಮ ಮನೆಯ ತಗಡಿನ ಪೆಟ್ಟಿಗೆಯನ್ನು ಅಂಗಳಕ್ಕೆ ಎಳೆಸಿ, ಎಲ್ಲರ ಎದುರು ತಲೆಕೆಳಗು ಮಾಡಿಸಿದರು. ಅಮ್ಮನ ಧಾರೆ ಸೀರೆ ಬಿತ್ತು, ಅರ್ಧ ಹೊಲಿದ ರವಿಕೆಗಳು ಬಿದ್ದವು, ಕೊನೆಗೆ ತಳದಲ್ಲಿ ಬಚ್ಚಿಟ್ಟಿದ್ದ ನನ್ನ ತಿಂಗಳ ಬಟ್ಟೆಗಳೂ ಬಿದ್ದವು. ಯಾರೋ ನಕ್ಕರು. ಬಟ್ಟಲು ಸಿಗಲಿಲ್ಲ. ಎಂಟು ದಿನದ ನಂತರ ಅದು ಓನರಮ್ಮನ ಮನೆಯ ಅಕ್ಕಿ ಡಬ್ಬದಲ್ಲೇ ಸಿಕ್ಕಿತೆಂದು ಅವರ ಮನೆಯ ಪಾತ್ರೆ ತೊಳೆಯುವವಳು ಅಮ್ಮನ ಕಿವಿಯಲ್ಲಿ ಹೇಳಿದಳು. ಓನರಮ್ಮ ಮಾತ್ರ ತುಟಿ ಬಿಚ್ಚಲಿಲ್ಲ. ಬೀದಿಯವರು ಬಟ್ಟೆ ಕೊಡುವುದನ್ನು ನಿಲ್ಲಿಸಿದರು. ನಾವು ಕೆ.ಆರ್. ಪುರಕ್ಕೆ ಹೋದೆವು. ಅಮ್ಮ ಸಾಯುವವರೆಗೂ ಯಾರ ಮನೆಯೊಳಗೂ ಹೋಗಿ ಅಳತೆ ತೆಗೆಯಲಿಲ್ಲ. ಹೊರಗೇ ನಿಲ್ಲಿಸಿ ತೆಗೆಯುತ್ತಿದ್ದಳು.

ಬಟ್ಟಲು ತಮ್ಮ ಮನೆಯಲ್ಲೇ ಇತ್ತೆಂದು ಆ ಹೆಂಗಸು ಅದೇ ಬೀದಿಯಲ್ಲಿ ನಿಂತು ಬಾಯಿಬಿಟ್ಟು ಹೇಳಬೇಕು. ನನಗೆ ಬೇಕಾಗಿದ್ದದ್ದು ಅದೊಂದೇ.

ಸೇಡು ಇಟ್ಟುಕೊಂಡು ವ್ಯಾಪಾರಕ್ಕೆ ಇಳಿಯಬೇಡಿ ಎಂದು ನಾನು ಎಲ್ಲರಿಗೂ ಬುದ್ಧಿ ಹೇಳುತ್ತೇನೆ. ನಾನು ಇಳಿದೆ.

ನಮ್ಮ ಬಜಾರಿನಲ್ಲಿ ಒಂದು ಕಟ್ಟುಪಾಡಿದೆ. ಕೆಡವುವ ಮನೆಯನ್ನು ಮೊದಲು ನೋಡಿದವರು ಬಾಗಿಲುವಾಡದ ಮೇಲೆ ಸೀಮೆಸುಣ್ಣದಲ್ಲಿ ತಮ್ಮ ಗುರುತು ಹಾಕುತ್ತಾರೆ. ಅವರೇ ಅಳಿಸುವವರೆಗೆ ಬೇರೆ ಯಾವ ವ್ಯಾಪಾರಿಯೂ ಆ ಮರಕ್ಕೆ ಬೆಲೆ ಹೇಳುವಂತಿಲ್ಲ. ಮೂರು ದಿನದೊಳಗೆ ಕೊಳ್ಳಬೇಕು, ಇಲ್ಲವೇ ಅಳಿಸಬೇಕು, ಅದು ಮರ್ಯಾದೆ. ನಾನು ದಬ್ಬಳ ಚುಚ್ಚಿದೆ, ಎಂಟು ಕಂಬಗಳಲ್ಲಿ ಒಂದೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಗುರುತು ಹಾಕಿದೆ. ಬಂದು ಅಂಗಡಿಯಲ್ಲಿ ಕೂತೆ.

ಮೊದಲು ಫೋನ್ ಮಾಡಿ ಕರೆದಿದ್ದ ಓನರಮ್ಮನ ಮಗ ಈಗ ದಿನಕ್ಕೆರಡು ಸಲ ಮಾಡುತ್ತಿದ್ದ. ಬಿಲ್ಡರ್ ಕೆಡವಲು ದಿನ ಗೊತ್ತು ಮಾಡಿದ್ದಾನೆ, ಅಷ್ಟರೊಳಗೆ ಬಿಚ್ಚದಿದ್ದರೆ ಎಲ್ಲ ಪುಡಿಯಾಗುತ್ತದೆ, ಬೇರೆಯವರು ಗುರುತು ನೋಡಿ ವಾಪಸು ಹೋಗುತ್ತಿದ್ದಾರೆ ಎಂದು ಅವನ ಗೋಳು. ನೋಡೋಣ ಎನ್ನುತ್ತಿದ್ದೆ. ಕೊನೆಗೆ ಪಕ್ಕದ ಅಂಗಡಿಯ ಭಾಯಿಯೇ ಬಂದರು. ಈ ಕಸುಬಿನಲ್ಲಿ ನನಗಿಂತ ಇಪ್ಪತ್ತು ವರ್ಷ ಹಿರಿಯರು.

"ಏನಮ್ಮಾ, ನಿಶಾನ್ ಹಾಕಿ ಎಂಟು ದಿನ ಆಯ್ತು. ತಗೋತೀರೋ, ಇಲ್ಲಾ ಕಂಬಾನ ಉಪ್ಪಿನಕಾಯಿ ಹಾಕ್ತೀರೋ?"

"ನಾಳೆ ಹೋಗ್ತೀನಿ ಭಾಯ್."

"ನಾಳೆ ಒಂದಿನ. ಆಮೇಲೆ ನಾನೇ ಅಳಿಸ್ತೀನಿ. ನಿಮಗೊಬ್ರಿಗೇ ಬೇರೆ ಕಾನೂನು ಇಲ್ಲ."

ಮರುದಿನ ಹೋದಾಗ ಓನರಮ್ಮ ಜಗಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಎಂಬತ್ತು ದಾಟಿದೆ, ಕಣ್ಣು ಮಾತ್ರ ಹಳೆಯದೇ. ನಾನು ಒಳ್ಳೆಯ ಬೆಲೆ ಹೇಳಿದೆ, ಬಜಾರಿನಲ್ಲಿ ಯಾರೂ ಹೇಳದಷ್ಟು. ಮಗನ ಮುಖ ಅರಳಿತು. ಆಮೇಲೆ ನನ್ನ ಷರತ್ತು ಹೇಳಿದೆ.

"ನಾನು ಟೈಲರಮ್ಮನ ಮಗಳು. ನಿಮ್ಮಮ್ಮ ಬೀದಿಗೆ ಬಂದು, ಬೇಕರಿಯವರಿಗೂ ಹೂವಿನಮ್ಮನಿಗೂ ಕೇಳೋ ಹಾಗೆ, ಕುಂಕುಮದ ಬಟ್ಟಲು ನಮ್ಮನೇಲೇ ಸಿಕ್ತು ಅಂತ ಹೇಳ್ಬೇಕು."

"ಅಷ್ಟೇನಾ ಮೇಡಂ?" ಮಗ ನಕ್ಕುಬಿಟ್ಟ. "ಅಮ್ಮಾ, ಹೇಳ್ಬಿಡಮ್ಮ, ಏನೋ ಒಂದು."

ಓನರಮ್ಮ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಮರೆತಿದ್ದರೆ ಯಾವ ಬಟ್ಟಲು ಎನ್ನುತ್ತಿದ್ದರು. ಅವರು ಕೇಳಿದ್ದು ಬೇರೆ.

"ಸಿಕ್ತು ಅಂತ ನಿಂಗ್ಯಾರೇ ಹೇಳಿದ್ದು?"

"ಯಾರೋ ಹೇಳಿದ್ರು. ಸುಳ್ಳಾ?"

ಓನರಮ್ಮ ಚೌಕಾಸಿಗೆ ಇಳಿದರು.

"ಒಳಗೆ ಬಾ. ರೂಮಲ್ಲಿ ನಿಂಗೊಬ್ಳಿಗೇ ಹೇಳ್ತೀನಿ."

"ಪೆಟ್ಟಿಗೆ ಬಿಚ್ಚಿಸಿದ್ದು ರೂಮಲ್ಲಲ್ಲ ಅಮ್ಮ."

"ಬಾಡಿಗೆಗಿದ್ದೋರ ಮುಂದೆ ನಾನು ಬೀದಿಗಿಳೀಬೇಕಾ? ಮುರಿದುಹೋಗ್ಲಿ ಮನೆ. ಹೋಗೇ."

"ನಾನ್ ಹೇಳ್ತೀನಿ ಮೇಡಂ," ಎಂದು ಮಗ ಬೇಡಿಕೊಂಡ. ಆಗಲ್ಲ ಎಂದು ಹೇಳಿ ಬಂದೆ. ಭಾಯಿಗೆ ಫೋನ್ ಮಾಡಿ, ಇನ್ನೊಂದು ಬೆಳಗ್ಗೆ ಮಾತ್ರ ತಡೆಯಿರಿ ಎಂದೆ. ಅವರು ಬೈದರು, ಆದರೆ ತಡೆದರು.

ಬಿಲ್ಡರ್ ಗೊತ್ತು ಮಾಡಿದ್ದ ದಿನ ಮರುದಿನವೇ ಇತ್ತು. ಬೆಳಿಗ್ಗೆ ಜೆ.ಸಿ.ಬಿ. ಬರುವ ಮೊದಲೇ ನಾನು ಬೇಕರಿಯ ಮುಂದೆ ಸ್ಟೂಲ್ ಹಾಕಿಸಿಕೊಂಡು ಟೀ ಹಿಡಿದು ಕೂತಿದ್ದೆ. ಓನರಮ್ಮನನ್ನು ಮಗ ಕಾರಿನಲ್ಲಿ ಕೂರಿಸಿದ್ದ. ಮೊದಲು ಕಾಂಪೌಂಡ್ ಬಿತ್ತು, ಆಮೇಲೆ ಅಡುಗೆಮನೆಯ ಗೋಡೆ. ಅಂಥ ಮರ ಪುಡಿಯಾಗುವುದನ್ನು ನೋಡುತ್ತಾ ಕೂರುವುದು ನನ್ನ ಕಸುಬಿನವರಿಗೆ ಸುಲಭವಲ್ಲ. ಆದರೂ ಏಳಲಿಲ್ಲ. ಯಂತ್ರ ತಿರುಗಿ ಜಗಲಿಯ ಮೊದಲ ಕಂಬದ ಕಡೆ ತೋಳು ಚಾಚಿದಾಗ ಕಾರಿನ ಬಾಗಿಲು ತೆರೆಯಿತು.

ಓನರಮ್ಮ ಮಗನ ಕೈ ಕೊಡವಿಕೊಂಡು ರಸ್ತೆ ದಾಟಿ ಬಂದರು. ನನ್ನ ಮುಖ ನೋಡಲಿಲ್ಲ. ಬೇಕರಿಯ ಗಾಜಿಗೆ ಹೇಳುವವರಂತೆ, "ಬಟ್ಟಲು ನಮ್ಮನೇಲೇ ಇತ್ತು. ಟೈಲರಮ್ಮ ತಗೊಂಡಿರ್ಲಿಲ್ಲ. ಈಗ ನಿಲ್ಸು ಅದನ್ನ," ಎಂದರು.

"ಇನ್ನೊಂದ್ಸಲ ಹೇಳಿ. ಗಾಡಿ ಸದ್ದಲ್ಲಿ ಹೂವಿನಮ್ಮಂಗೆ ಕೇಳಿಸ್ಲಿಲ್ಲ."

ಹೇಳಿದರು. ಈ ಸಲ ಹೂವಿನಮ್ಮನ ಕಡೆ ತಿರುಗಿ, ಗಟ್ಟಿಯಾಗಿ. ನನಗೆ ಪಾಪ ಎನಿಸಿತೇ ಎಂದು ಕೇಳುವವರಿದ್ದಾರೆ. ಎನಿಸಲಿಲ್ಲ. ಎದ್ದು ಹೋಗಿ ಜೆ.ಸಿ.ಬಿ. ನಿಲ್ಲಿಸಿದೆ, ಸೆರಗಿನಿಂದ ಗುರುತು ಅಳಿಸಿದೆ, ಹೇಳಿದ ಬೆಲೆಯನ್ನೇ ಕೊಟ್ಟೆ. ಒಂದು ರೂಪಾಯಿ ಕಡಿಮೆ ಮಾಡಿದ್ದರೂ ಅವರ ಮಾತು ಸೋವಿಯಾಗುತ್ತಿತ್ತು.

ನನ್ನ ಆಳುಗಳು ಕಂಬ ಬಿಚ್ಚುತ್ತಿದ್ದಾಗ ಹೂವಿನ ಅಮ್ಮ ಒಂದು ಮೊಳ ಮಲ್ಲಿಗೆ ಹಿಡಿದು ಕರೆದರು.

"ಟೈಲರಮ್ಮನ ಮಗಳಾ ನೀನು! ಇದಕ್ಕಾ ಇಷ್ಟೆಲ್ಲ? ಅಕ್ಕಿ ಡಬ್ಬದಲ್ಲಿ ಸಿಕ್ಕಿದ್ದು ಬೀದಿಗೆಲ್ಲ ಆಗ್ಲೇ ಗೊತ್ತಿತ್ತು ಕಣವ್ವಾ."

ಹೂವಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದೆ.

"ಗೊತ್ತಿದ್ದೂ ನಮ್ಮಮ್ಮಂಗೆ ಬಟ್ಟೆ ಕೊಡೋದು ಯಾಕ್ ಬಿಟ್ರಿ?"

"ಓನರಮ್ಮನ್ನ ಎದುರು ಹಾಕ್ಕೊಂಡು ಇಲ್ಲಿ ಬಾಳೋಕಾಗ್ತಿತ್ತಾ? ನಮ್ಮಂಥ ಬಾಡಿಗೆಯೋರಷ್ಟೇ ಅಲ್ಲ, ಸ್ವಂತ ಮನೆ ಇದ್ದೋರೂ ಸುಮ್ನಿದ್ರು. ತಗೋ, ಮುಡ್ಕೋ."

ಹೂವು ತೆಗೆದುಕೊಳ್ಳಲಿಲ್ಲ. ಹೆಗಲ ಮೇಲಿನ ಚೀಲದಿಂದ ನನ್ನ ಅಂಗಡಿಯ ಕಾರ್ಡುಗಳನ್ನು ತೆಗೆದೆ. ಆ ಬೀದಿಯಲ್ಲಿ ಹೆಂಚಿನ ಹಳೆಯ ಮನೆಗಳು ಇನ್ನೂ ಮೂರು ಉಳಿದಿವೆ. ಮೂರು ಮನೆಯವರೂ ಅಮ್ಮನ ಕೈಯಲ್ಲಿ ರವಿಕೆ ಹೊಲಿಸಿಕೊಂಡು, ಆಮೇಲೆ ಗೊತ್ತಿದ್ದೂ ಸುಮ್ಮನಿದ್ದವರು. ಒಂದೊಂದು ಬಾಗಿಲನ್ನೂ ತಟ್ಟಿ, ನಮಸ್ಕಾರ ಮಾಡಿ, "ಕೆಡವೋವಾಗ ನನಗೇ ಮೊದಲು ಹೇಳಿ, ಒಳ್ಳೆ ಬೆಲೆ ಕೊಡ್ತೀನಿ" ಎಂದು ಕಾರ್ಡು ಕೊಟ್ಟು ಬಂದೆ.